ಕೈ ಪಳಗಿದ ಮೇಲೆ ಕಣ್ಣು ಪಳಗಬೇಕು



ನಾನು ನರಗುಂದ ತಾಲೂಕಿನ ಚಿಕ್ಕನರಗುಂದದ ಕಡೆಯವನು. ಮಕ್ಕಳಿಗೆ ಚಿತ್ರ ಕಲಿಸುವುದು ನನ್ನ ಉದ್ಯೋಗ. ಇವತ್ತು ಕನ್ನಡ ನೆಲದಲ್ಲಿ ಹುಟ್ಟಿ, ಭಾರತದ ಆಧುನಿಕ ಚಿತ್ರಕಲೆಗೆ ದಾರಿ ಹಾಕಿಕೊಟ್ಟವರಲ್ಲಿ ಒಬ್ಬರಾದ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರ ಬಗ್ಗೆ ಮಾತಾಡುತ್ತೇನೆ. ಕೆ.ಕೆ. ಹೆಬ್ಬಾರ್ ಎಂದರೆ ಹೆಚ್ಚು ಜನಕ್ಕೆ ಗೊತ್ತಾಗುತ್ತದೆ. ಅವರು ಕರಾವಳಿಯವರು, ಬಾಳಿದ್ದು ಮುಂಬೈಯಲ್ಲಿ. ಹೀಗಿರುವಾಗ ಎರೆ ಹೊಲದ ನಡುವಿನ ನಮ್ಮ ಊರುಗಳಲ್ಲಿ ಕೂತು ಅವರ ಮಾತು ಏಕೆ ಎತ್ತಬೇಕು? ಹಳ್ಳಿಯ ಹುಡುಗನೊಬ್ಬ ದೊಡ್ಡ ಕಲಾವಿದನಾದ ಎಂಬುದಷ್ಟೇ ಆದರೆ ಅಂಥ ಕಥೆಗಳು ಬೇಕಾದಷ್ಟಿವೆ. ಹೆಬ್ಬಾರರ ಬಾಳಿನಲ್ಲಿ ಅದಕ್ಕಿಂತ ದೊಡ್ಡ ಸಂಗತಿಯೊಂದಿದೆ. ಕಷ್ಟಪಟ್ಟು ಕಲಿತ ವಿದ್ಯೆಯನ್ನು ಅವರು ಒಂದಲ್ಲ, ಹಲವು ಸಲ ಪರೀಕ್ಷೆಗೆ ಒಡ್ಡಿದರು. ಸಾಲದು ಎನಿಸಿದಾಗ ಅದನ್ನು ಬದಿಗಿಟ್ಟು ಮತ್ತೆ ಕಲಿಯಲು ಕೂತರು. ಆ ಬೆಳವಣಿಗೆಯ ಕಥೆಯನ್ನು ಇವತ್ತು ಹೇಳಬೇಕೆಂದಿದ್ದೇನೆ. ಅವರ ಮನೆಯೂ ಆ ಕಥೆಯ ಒಂದು ಭಾಗ.

ನಮ್ಮ ಸೀಮೆಯಲ್ಲಿ ಕಾರಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಮಕ್ಕಳು ಹಳ್ಳದ ದಂಡೆಗೆ ಓಡುತ್ತಾರೆ. ಎರೆಮಣ್ಣು ತಂದು, ಕಲ್ಲು ಕಸ ಆರಿಸಿ, ನೀರು ಚಿಮುಕಿಸಿ ನಾದುತ್ತಾರೆ. ಎತ್ತಿನ ಹೊಟ್ಟೆಗೆ ಒಂದು ಉಂಡೆ, ಅದನ್ನೇ ಚಿವುಟಿ ಇಣಿ, ಮುಂದಕ್ಕೆ ಎಳೆದು ಮೋತಿ, ಮೇಲಕ್ಕೆ ತಿರುವಿ ಕೊಂಬು. ಜೋಡೆತ್ತು ಮುಗಿದ ಮೇಲೆ ಅವಕ್ಕೆ ಮೇವು ತಿನ್ನಲು ಗ್ವಾದಲಿ. ಆಷಾಢದ ಮಂಗಳವಾರ ಬಂದರೆ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಗುಲಗಂಜಿ ಹಚ್ಚಿ ಸಿಂಗರಿಸುತ್ತಾರೆ. ಇದನ್ನು ಯಾವ ಶಾಲೆಯೂ ಹೇಳಿಕೊಡುವುದಿಲ್ಲ. ಅಜ್ಜಿ ಮಾಡುವುದನ್ನು ನೋಡಿ ಮೊಮ್ಮಗಳು ಕಲಿಯುತ್ತಾಳೆ. ಎತ್ತಿನ ಇಣಿ ಎಷ್ಟು ಎತ್ತರವಿದ್ದರೆ ಅದಕ್ಕೆ ಗತ್ತು ಬರುತ್ತದೆ ಎನ್ನುವುದು ಆರು ವರ್ಷದ ಮಗುವಿನ ಬೆರಳಿಗೆ ಗೊತ್ತಿರುತ್ತದೆ.

ಉಡುಪಿಯ ಹತ್ತಿರದ ಕಟ್ಟಿಂಗೇರಿ ಎಂಬ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಕೃಷ್ಣ ಹೆಬ್ಬಾರರ ಮೊದಲ ಪಾಠವೂ ಮಣ್ಣಿನಲ್ಲೇ ಆಯಿತು. ಅವರ ತಂದೆ ಚೌತಿಗೆ ಗಣಪತಿಯ ವಿಗ್ರಹಗಳನ್ನು ಮಾಡುತ್ತಿದ್ದವರು. ಬಡತನದ ಮನೆ, ತುಳು ಆಡುವ ಮನೆ. ಮೂರ್ತಿಗೆ ಆಕಾರ ಬರುವುದು, ಬಣ್ಣ ಏರುವುದು, ಕಡೆಗೆ ಕಣ್ಣು ಬರೆದ ಕೂಡಲೇ ಮಣ್ಣಿಗೆ ಜೀವ ಬಂದಂತೆ ಕಾಣುವುದು, ಇದೆಲ್ಲ ಹುಡುಗನ ಕಣ್ಣೆದುರೇ ನಡೆಯುತ್ತಿತ್ತು. ಹೊಸ್ತಿಲು ದಾಟಿದರೆ ರಾತ್ರಿಯಿಡೀ ಯಕ್ಷಗಾನ, ಕಂಬಳದ ಕೋಣಗಳ ಓಟ, ಭೂತದ ಕೋಲ, ನಾಗಮಂಡಲದ ಬಣ್ಣದ ಹುಡಿ, ಕೋಳಿ ಅಂಕದ ಗದ್ದಲ. ಮುಂದೆ ಐವತ್ತು ಅರವತ್ತು ವರ್ಷ ಅವರ ಕ್ಯಾನ್ವಾಸಿನ ಮೇಲೆ ಕಾಣಿಸಿಕೊಂಡ ಬಣ್ಣ, ಚಲನೆ, ಲಯಗಳ ಬೀಜ ಬಿದ್ದದ್ದು ಆ ಅಂಗಳದಲ್ಲಿಯೇ.

ಬೀಜ ಬಿದ್ದ ಮಾತ್ರಕ್ಕೆ ಗಿಡ ಏಳುವುದಿಲ್ಲ. ಆ ಕಾಲದಲ್ಲಿ ಚಿತ್ರವೆಂದರೆ ರವಿವರ್ಮನ ಅಚ್ಚಿನ ಪಟಗಳು. ದೇವರ ಕೋಣೆಯಲ್ಲಿ ಲಕ್ಷ್ಮಿ, ಸರಸ್ವತಿ. ಪಡಸಾಲೆಯಲ್ಲಿ ಶಕುಂತಲೆ, ದಮಯಂತಿ. ಕೈಯಲ್ಲಿ ಸೀಸದ ಕಡ್ಡಿ ಹಿಡಿದ ಹುಡುಗರಿಗೆ ಅದಕ್ಕಿಂತ ದೊಡ್ಡ ಗುರಿ ಇರಲಿಲ್ಲ. ಹಾಗೆ ಬರೆಯಲು ಬಂದರೆ ಗೆದ್ದಂತೆ. ಹೆಬ್ಬಾರರು ಕಲಿಕೆಯ ಹಂಬಲ ಹೊತ್ತು ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಬಾಗಿಲು ತಟ್ಟಿದರು. ಅಲ್ಲಿಂದ ಮುಂಬೈಗೆ ಹೋದರು. ಮುಂಬೈಯಲ್ಲಿ ಅವರಿಗೆ ಮೊದಲು ಆಸರೆಯಾದ ಕಲಾಶಾಲೆ ಜಿ.ಎಸ್. ದಂಡಾವತಿಮಠ ಎಂಬ ಕನ್ನಡಿಗರು ನಡೆಸುತ್ತಿದ್ದ ನೂತನ ಕಲಾ ಮಂದಿರ. ದಂಡಾವತಿಮಠ ಎಂಬ ಮನೆತನದ ಹೆಸರು ನಮ್ಮ ಕಡೆಯ ಕಿವಿಗೆ ಹೊಸದಲ್ಲ. ಕರಾವಳಿಯ ಬಡ ಹುಡುಗನಿಗೆ ದೂರದ ಶಹರದಲ್ಲಿ ಇನ್ನೊಬ್ಬ ಕನ್ನಡ ಮೇಷ್ಟ್ರು ದಾರಿ ತೋರಿಸಿದರು ಎಂಬುದನ್ನು ನಾವು ನೆನಪಿಡಬೇಕು. ಯಾರೂ ಒಬ್ಬರೇ ಬೆಳೆದು ದೊಡ್ಡವರಾಗುವುದಿಲ್ಲ.

ಅಲ್ಲಿಂದ ಜೆ.ಜೆ. ಸ್ಕೂಲ್ ಆಫ್ ಆರ್ಟ್. 1938ರಲ್ಲಿ ಹೆಬ್ಬಾರರು ಅಲ್ಲಿ ಡಿಪ್ಲೊಮಾ ಮುಗಿಸಿದರು. 1940ರಿಂದ 45ರವರೆಗೆ ಅಲ್ಲಿಯೇ ಅಧ್ಯಾಪಕರಾದರು. ಆ ಶಾಲೆ ಕಲಿಸುತ್ತಿದ್ದುದು ಯುರೋಪಿನ ಅಕಾಡೆಮಿಕ್ ಪದ್ಧತಿ. ವಿದ್ಯಾರ್ಥಿ ಮೊದಲು ಗಚ್ಚಿನ ಮೂರ್ತಿಗಳನ್ನು ನೋಡಿ ಬರೆಯಬೇಕು. ಬೆಳಕು ಬಿದ್ದ ಕಡೆ ಬಿಳುಪು, ನೆರಳಿನ ಕಡೆ ಕಪ್ಪು, ನಡುವೆ ಹತ್ತು ಬಗೆಯ ಬೂದಿ ಛಾಯೆ. ಆಮೇಲೆ ಜೀವಂತ ಮನುಷ್ಯನನ್ನು ಕೂಡಿಸಿ ಬರೆಯುವುದು. ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು ಎಂಬ ಲೆಕ್ಕದಲ್ಲಿ ಓಣಿ, ಗುಡ್ಡ, ಮರ ಬರೆಯುವುದು. ಇದು ಹಗುರವಾಗಿ ಕಾಣಬೇಕಾದ ವಿದ್ಯೆಯಲ್ಲ. ಕೈಗೆ ಶಿಸ್ತು ಬರುವುದು ಇದರಿಂದಲೇ. ಹೆಬ್ಬಾರರು ಅದರಲ್ಲಿ ಪಳಗಿದರು. ಭಾವಚಿತ್ರಕ್ಕೂ ನಿಸರ್ಗ ಚಿತ್ರಕ್ಕೂ ಮೆಚ್ಚುಗೆ ಬರತೊಡಗಿತು. ಆ ಕಾಲದ ಮುಂಬೈಯಲ್ಲಿ ಅಷ್ಟು ಕೈಚಳಕವಿದ್ದವನಿಗೆ ಹೊಟ್ಟೆಪಾಡಿನ ಚಿಂತೆ ಇರಲಿಲ್ಲ.

ಸಾಮಾನ್ಯ ಪ್ರತಿಭೆಯಾದರೆ ಇಲ್ಲಿಗೇ ನಿಲ್ಲುತ್ತಿತ್ತು. ಆದರೆ ಹೆಬ್ಬಾರರಿಗೆ ತಾನು ಬರೆಯುತ್ತಿರುವುದು ಕಣ್ಣಿಗೆ ಕಂಡದ್ದರ ಪ್ರತಿ ಮಾತ್ರ, ಇದರಲ್ಲಿ ತಾನೆಲ್ಲಿ, ತನ್ನ ನೆಲವೆಲ್ಲಿ ಎಂಬ ಅತೃಪ್ತಿ ಹುಟ್ಟಿತು. ಅವರು ಕಲಿಸುತ್ತಿದ್ದುದನ್ನು ಅವರೇ ಪ್ರಶ್ನಿಸತೊಡಗಿದರು. ಇದೇ ಹೊತ್ತಿಗೆ ಅಮೃತಾ ಶೇರ್‌ಗಿಲ್ ಅವರ ಚಿತ್ರಗಳು ಕಣ್ಣಿಗೆ ಬಿದ್ದವು. ಅಮೃತಾ ಪ್ಯಾರಿಸ್ಸಿನಲ್ಲಿ ಕಲಿತು 1934ರಲ್ಲಿ ಭಾರತಕ್ಕೆ ಮರಳಿ, ಅಜಂತಾ ನೋಡಿ, ದಕ್ಷಿಣ ಭಾರತ ಸುತ್ತಿ, 1937ರಲ್ಲಿ ಸಂತೆಗೆ ಹೊರಟ ದಕ್ಷಿಣದ ಹಳ್ಳಿಗರನ್ನೂ ಬ್ರಹ್ಮಚಾರಿಗಳನ್ನೂ ಬರೆದವರು. ಯುರೋಪಿನ ತೈಲವರ್ಣವನ್ನು ಹಿಡಿದೇ ಭಾರತದ ಮುಖವನ್ನು ಭಾರತದ ಮನಸ್ಸಿನಿಂದ ಬರೆಯಲು ಸಾಧ್ಯ ಎಂಬುದಕ್ಕೆ ಅವು ಸಾಕ್ಷಿ. ಸಪಾಟು ಬಣ್ಣ, ಗಟ್ಟಿ ಹೊರರೇಖೆಗಳ ಫ್ರೆಂಚ್ ಕಲಾವಿದ ಪಾಲ್ ಗೊಗ್ಯಾನ್ ಕೂಡ ಹೆಬ್ಬಾರರನ್ನು ಸೆಳೆದರು.

ಹೊರಗಿನವರನ್ನು ನೋಡಿದ್ದು ಅವರನ್ನು ಒಳಗಿನ ಪರಂಪರೆಯ ಕಡೆಗೆ ತಿರುಗಿಸಿತು. ಅಜಂತಾದ ಗೋಡೆಗಳು, ತಾಳೆಗರಿ ಮತ್ತು ಕಾಗದದ ಜೈನ ಹಸ್ತಪ್ರತಿಗಳ ಸಣ್ಣ ಚಿತ್ರಗಳು, ರಜಪೂತ ಮತ್ತು ಮೊಗಲ್ ಶೈಲಿಯ ಕಿರುಚಿತ್ರಗಳು ಅವರ ಅಭ್ಯಾಸದ ವಸ್ತುಗಳಾದವು. ಅಲ್ಲಿ ಯುರೋಪಿನ ಬಗೆಯ ನೆರಳು ಬೆಳಕಿನ ಆಟವಿಲ್ಲ. ಒಂದು ರೇಖೆ ಇಡೀ ದೇಹದ ತೂಕವನ್ನು ಹೊರುತ್ತದೆ. ಬಣ್ಣ ಬಣ್ಣದ ಪಕ್ಕ ಕೂತು ತಾನೇ ದೂರ ಹತ್ತಿರಗಳನ್ನು ಹೇಳುತ್ತದೆ. ಬಾದಾಮಿಯ ಮೂರನೆಯ ಗುಹೆಯನ್ನು ನೀವು ನೋಡಿರಬಹುದು. ಕ್ರಿ.ಶ. 578ರ ಶಾಸನವಿರುವ ಗುಹೆ ಅದು. ಅದರ ಮೇಲ್ಭಾಗದ ಬಾಗುವಿನಲ್ಲಿ ಇವತ್ತಿಗೂ ಮಾಸಿದ ಚಿತ್ರಗಳ ಗುರುತು ಉಳಿದಿದೆ. ಕನ್ನಡ ನೆಲದ ಹಳೆಯ ವರ್ಣಚಿತ್ರಗಳವು, ನಮ್ಮ ನರಗುಂದ ಸೀಮೆಯ ನೆರೆಯಲ್ಲೇ ಇವೆ. ಮೂರ್ತಿಗಳನ್ನು ನೋಡಿ ಫೋಟೊ ತೆಗೆಸಿಕೊಂಡು ಬರುವವರು ಮುಂದಿನ ಸಲ ತಲೆ ಎತ್ತಿ ಸ್ವಲ್ಪ ಹೊತ್ತು ನೋಡಲಿ. ಹೆಬ್ಬಾರರಂಥವರು ಅಜಂತಾದ ಗೋಡೆಗಳಲ್ಲಿ ಏನು ಕಂಡಿರಬಹುದು ಎಂಬುದು ಆಗ ತಿಳಿಯುತ್ತದೆ.

ಹೆಬ್ಬಾರರ ಹುಡುಕಾಟದಲ್ಲಿ ನನಗೆ ತುಂಬ ಮಹತ್ವದ್ದಾಗಿ ಕಾಣುವುದು ಅವರು ಕಥಕ್ ಕಲಿತದ್ದು. ಜೈಪುರ ಘರಾನೆಯ ಪಂಡಿತ್ ಸುಂದರ್ ಪ್ರಸಾದರ ಬಳಿ ಅವರು ಕಾಲಿಗೆ ಗೆಜ್ಜೆ ಕಟ್ಟಿ ನೃತ್ಯಾಭ್ಯಾಸ ಮಾಡಿದರು. ವೇದಿಕೆ ಏರಬೇಕೆಂಬ ಆಸೆಗೆ ಕಲಿತದ್ದಲ್ಲ. ಲಯ ಎಂಬುದನ್ನು ಹೊರಗೆ ಕೂತು ನೋಡಿ ಬರೆದರೆ ಸಾಲದು, ಅದು ಮೈಯೊಳಗೆ ಇಳಿಯಬೇಕು ಎಂಬ ಹಟಕ್ಕೆ ಕಲಿತದ್ದು. ತಬಲದ ಸಮ್‌ಗೆ ಹೆಜ್ಜೆ ಬಂದು ನಿಲ್ಲುವ ಕ್ಷಣದಲ್ಲಿ ಮೈಯ ಭಾರ ಯಾವ ಕಾಲಿನ ಮೇಲಿರುತ್ತದೆ, ಚಕ್ಕರ್ ತಿರುಗುವಾಗ ಕತ್ತು ಎಲ್ಲಿರುತ್ತದೆ, ಕೈ ಎತ್ತಿದಾಗ ಸೊಂಟ ಯಾವ ಕಡೆ ವಾಲುತ್ತದೆ ಎಂಬುದನ್ನು ಕುಣಿದವರೇ ಬಲ್ಲರು. ಚಿತ್ರಕಾರನೊಬ್ಬ ಕುಂಚ ಬದಿಗಿಟ್ಟು ಹೀಗೆ ಇನ್ನೊಂದು ಕಲೆಗೆ ಶಿಷ್ಯನಾಗಿ ಹೋಗುವುದು ಅಪರೂಪ. ಆ ಕಲಿಕೆಯ ಫಲ ಅವರ ಗೆರೆಗೆ ಇಳಿಯಿತು. ಅದನ್ನು ಮುಂದೆ ಹೇಳುತ್ತೇನೆ.

ನಲವತ್ತರ ದಶಕದ ನಡುವಿನಲ್ಲಿ ಅವರು ಕೇರಳದ ಕಡೆ ತಿರುಗಿ ಚಿತ್ರಗಳ ಒಂದು ಸರಣಿಯನ್ನೇ ಬರೆದರು. ದುಡಿಯುವ ಹೆಂಗಸರು, ದನಕರು, ತೆಂಗಿನ ನೆರಳು, ಕೆಂಪು ನೆಲ. ಇಲ್ಲಿ ಜೆ.ಜೆ. ಶಾಲೆಯ ನೆರಳು ಬೆಳಕಿನ ಲೆಕ್ಕ ಹಿಂದೆ ಸರಿದಿತ್ತು. ದಿಟ್ಟ ಹೊರರೇಖೆ, ತುಂಬು ಬಣ್ಣ ಮುಂದೆ ಬಂದಿದ್ದವು. ಹರೆಯಕ್ಕೆ ಕಾಲಿಡುವ ಹುಡುಗಿಯನ್ನು ಕುರಿತ ‘ಟು ಮೇಡನ್‌ಹುಡ್’ ಚಿತ್ರಕ್ಕೆ 1947ರಲ್ಲಿ ಬಾಂಬೆ ಆರ್ಟ್ ಸೊಸೈಟಿಯ ಚಿನ್ನದ ಪದಕ ಬಂತು. ಸ್ವಾತಂತ್ರ್ಯ ಬಂದ ಅದೇ ವರ್ಷ ಮುಂಬೈಯಲ್ಲಿ ಸೋಜಾ, ಹುಸೇನ್, ರಜಾ, ಆರಾ, ಗಾಡೆ, ಬಾಕ್ರೆ ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ಭಾರತದ ಆಧುನಿಕ ಕಲೆಯ ಚರಿತ್ರೆ ಬರೆಯುವವರು ಈ ಗುಂಪನ್ನು ಎತ್ತಿ ಹೇಳುತ್ತಾರೆ. ಹೆಬ್ಬಾರರು ಆ ಗುಂಪಿನವರಲ್ಲ. ಯಾವ ಗುಂಪಿನ ಘೋಷಣೆಗೂ ಸೇರದೆ ತಮ್ಮ ಪಾಡಿಗೆ ಅದೇ ಪ್ರಶ್ನೆಗಳನ್ನು ಎದುರಿಸಿದವರು.

1949ರಲ್ಲಿ ಅವರು ಯುರೋಪಿಗೆ ಹೊರಟರು. ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ವಿದ್ಯಾರ್ಥಿಯಾಗಿ ಸೇರಿದರು. ವಯಸ್ಸು ನಲವತ್ತರ ಹತ್ತಿರ. ಹೆಸರು ಬಂದಿದೆ, ಪದಕ ಬಂದಿದೆ, ಅಧ್ಯಾಪಕರಾಗಿ ಕೆಲಸ ಮಾಡಿದ ಅನುಭವವಿದೆ. ಇಷ್ಟಾದ ಮೇಲೂ ಎಳೆಯ ಹುಡುಗರ ನಡುವೆ ಕೂತು ಕಲಿಯುವುದಕ್ಕೆ ದೊಡ್ಡ ಮನಸ್ಸು ಬೇಕು. ಕಲಿಸಿದ ಮೇಷ್ಟ್ರು ಕಲಿಯುವ ಹುಡುಗನಾಗುವುದು ಎಷ್ಟು ಕಷ್ಟ ಎಂಬುದನ್ನು ನನ್ನಂಥ ಮೇಷ್ಟ್ರುಗಳು ಬಲ್ಲರು. ಅಲ್ಲಿ ಅವರು ತೈಲವರ್ಣದ ಹೊಸ ಸಾಧ್ಯತೆಗಳನ್ನು ಕಂಡರು. ಬಣ್ಣವನ್ನು ದಪ್ಪವಾಗಿ ಏರಿಸಿ ಮೇಲ್ಮೈಗೇ ಒಂದು ಮೈಕಟ್ಟು ಕೊಡುವುದನ್ನು ರೂಢಿಸಿಕೊಂಡರು. ಆದರೆ ಪ್ಯಾರಿಸ್ ಅವರನ್ನು ಪ್ಯಾರಿಸ್ಸಿನವರನ್ನಾಗಿ ಮಾಡಲಿಲ್ಲ. ಕಲಿತ ತಂತ್ರವನ್ನು ಊರಿಗೆ ತಂದರು. ವಸ್ತುವನ್ನು ಊರಿನಲ್ಲೇ ಹುಡುಕಿದರು.

ಮರಳಿದ ಮೇಲೆ ಬರೆದ ಚಿತ್ರಗಳಲ್ಲಿ ಒಂದು, 1952ರ ‘ಹಂಗ್ರಿ ಸೋಲ್’. ಹಸಿದ ಜೀವ. ಸಾಲು ಸಾಲು ಬರ ಕಂಡ ನಮ್ಮ ಸೀಮೆಯವರಿಗೆ ಆ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಚೆಲುವನ್ನು ಬರೆಯಬಲ್ಲ ಕೈ ಹಸಿವನ್ನೂ ಬರೆಯಬೇಕು ಎಂಬ ಜವಾಬ್ದಾರಿಯನ್ನು ಅವರು ತಲೆಯ ಮೇಲೆ ಹೊತ್ತುಕೊಂಡರು. ಕೊಳಚೆಗೇರಿಯ ಬದುಕು, ಭಿಕ್ಷುಕರು, ಕಟ್ಟಡ ಕಟ್ಟುವ ಕೂಲಿಗಳು ಚಿತ್ರಗಳಾದರು. 1959ರಲ್ಲಿ ‘ಕಾಕ್ ಫೈಟ್’ ಬಂತು, ಬಾಲ್ಯದಲ್ಲಿ ಕಂಡ ಕೋಳಿ ಅಂಕ. ನಾಗಮಂಡಲವೂ ಕ್ಯಾನ್ವಾಸಿಗೆ ಬಂತು. ಮುಂಬೈ ಸೇರಿ ಇಪ್ಪತ್ತೈದು ವರ್ಷವಾದ ಮೇಲೆ ತುಳುನಾಡಿನ ಅಂಗಳ ಹೀಗೆ ಮತ್ತೆ ತೆರೆದುಕೊಂಡಿತು. ಈ ಚಿತ್ರಗಳನ್ನು ಹುಡುಗನಾಗಿದ್ದಾಗ ಬರೆಯಲು ಅವರಿಗೆ ಆಗುತ್ತಿರಲಿಲ್ಲ. ಜೆ.ಜೆ. ಶಾಲೆಯಿಂದ ಹೊರಬಂದ ಕೂಡಲೇ ಬರೆದಿದ್ದರೂ ಅವು ಬರಿಯ ಜಾತ್ರೆಯ ನೋಟಗಳಾಗುತ್ತಿದ್ದವು. ನಡುವೆ ಅಜಂತಾ ಬೇಕಿತ್ತು, ಕಥಕ್ ಬೇಕಿತ್ತು, ಪ್ಯಾರಿಸ್ ಕೂಡ ಬೇಕಿತ್ತು.

ಈಗ ಅವರ ಗೆರೆಯ ಮಾತು. ಹೆಬ್ಬಾರರ ರೇಖಾಚಿತ್ರಗಳು 1964ರಲ್ಲಿ ‘ದಿ ಸಿಂಗಿಂಗ್ ಲೈನ್’ ಎಂಬ ಪುಸ್ತಕವಾಗಿ ಹೊರಬಂದವು. ಹಾಡುವ ಗೆರೆ ಎಂಬ ಆ ಹೆಸರು ಅವರ ಜೊತೆಗೆ ಉಳಿದುಬಿಟ್ಟಿತು. ಅವರ ನರ್ತಕಿಯ ಒಂದು ಚಿತ್ರವನ್ನು ಹತ್ತಿರದಿಂದ ನೋಡಿ. ಗೆರೆ ಕತ್ತಿನ ಹಿಂದೆ ಎಲ್ಲೋ ಸಣ್ಣಗೆ ಹುಟ್ಟುತ್ತದೆ. ಬೆನ್ನಿನ ಮೇಲೆ ಇಳಿಯುತ್ತ ತುಸು ದಪ್ಪವಾಗುತ್ತದೆ, ಸೊಂಟದ ಬಳಿ ತಿರುಗಿ ಮತ್ತೆ ತೆಳ್ಳಗಾಗುತ್ತದೆ, ಮಂಡಿಯ ಹತ್ತಿರ ಒಂದು ಕ್ಷಣ ನಿಂತಂತಾಗಿ ಹಿಮ್ಮಡಿಗೆ ಬಂದು ಮುಗಿಯುತ್ತದೆ. ಎಲ್ಲಿಯೂ ತಿದ್ದಿದ ಗುರುತಿಲ್ಲ. ಮುಖದಲ್ಲಿ ಕಣ್ಣು ಮೂಗು ವಿವರವಾಗಿ ಇರುವುದೇ ಇಲ್ಲ. ಆದರೂ ಆಕೆ ಕುಣಿಯುತ್ತಿದ್ದಾಳೆ, ಯಾವ ಕಾಲಿನ ಮೇಲೆ ಭಾರ ಬಿಟ್ಟಿದ್ದಾಳೆ ಎಂಬುದು ಸ್ಪಷ್ಟ. ನಮ್ಮ ಹೆಣ್ಣುಮಕ್ಕಳ ಕಸೂತಿ ಬಲ್ಲವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಗವಂತಿ ಹೊಲಿಗೆಯಲ್ಲಿ ಗಂಟು ಹಾಕುವಂತಿಲ್ಲ, ಎಳೆ ಎಣಿಸುವುದರಲ್ಲಿ ತಪ್ಪುವಂತಿಲ್ಲ, ಬಟ್ಟೆಯ ಎರಡೂ ಬದಿಯಲ್ಲಿ ಚಿತ್ತಾರ ಒಂದೇ ತೆರನಾಗಿ ಬರಬೇಕು. ಹೆಬ್ಬಾರರ ಗೆರೆಯೂ ಅಂಥದೇ ಮುನ್ನರಿವಿನ ಗೆರೆ. ಕೈ ಹೊರಡುವ ಮೊದಲೇ ಮನಸ್ಸು ಕೊನೆಯನ್ನು ಮುಟ್ಟಿರುತ್ತದೆ.

ಇಷ್ಟು ಸಿದ್ಧಿಸಿದ ಮೇಲೂ ಅವರು ನಿಲ್ಲಲಿಲ್ಲ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಕಾಲದಲ್ಲಿ ಅವರ ಕುಂಚ ಬಾನಿನ ಕಡೆ ತಿರುಗಿತು. ಸೂರ್ಯ, ಚಂದ್ರ, ಬೆಳಕು, ಬಯಲು ವಸ್ತುಗಳಾದವು. ಆಕಾರಗಳು ಕರಗಿ ಬಣ್ಣವೇ ಮಾತಾಡತೊಡಗಿತು. ಗೌರವಗಳು ತಾವಾಗಿ ಬಂದವು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ. 1996ರಲ್ಲಿ ಮುಂಬೈಯಲ್ಲಿ ತೀರಿಕೊಂಡರು.

ಈ ಇಡೀ ಬೆಳವಣಿಗೆಯನ್ನು ಒಟ್ಟಿಗೆ ನೋಡಿದಾಗ ನನಗೆ ಸ್ಪಷ್ಟವಾಗುವುದು ಇಷ್ಟು. ಕೈಚಳಕ ಕಲಾವಿದನಿಗೆ ಮೊದಲ ವರ. ಅಲ್ಲಿಯೇ ಉಳಿದರೆ ಅದೇ ಅವನಿಗೆ ಕಟ್ಟು. ಜನ ಹೊಗಳುವುದು ಈಗಾಗಲೇ ಕಲಿತದ್ದನ್ನು. ಕಲಾವಿದ ಹುಡುಕಬೇಕಾದದ್ದು ಇನ್ನೂ ಕಾಣದ್ದನ್ನು. ಹೆಬ್ಬಾರರು ರವಿವರ್ಮನ ಕಾಲದ ರುಚಿಯಿಂದ ಅಕಾಡೆಮಿಕ್ ಶಿಸ್ತಿಗೆ, ಅಲ್ಲಿಂದ ಅಜಂತಾದ ರೇಖೆಗೆ, ಕಥಕ್‌ನ ಲಯಕ್ಕೆ, ಪ್ಯಾರಿಸ್ಸಿನ ಬಣ್ಣಕ್ಕೆ, ಬಡವರ ಹಸಿವಿಗೆ, ಕಡೆಗೆ ಬಯಲಿನ ಬೆಳಕಿಗೆ ನಡೆದರು. ಒಂದೊಂದು ತಿರುವಿನಲ್ಲೂ ಹಿಂದಿನದನ್ನು ಬಿಟ್ಟರು, ಆದರೆ ಕಳೆದುಕೊಳ್ಳಲಿಲ್ಲ. ಆಧುನಿಕ ಎಂದರೆ ಹಳತನ್ನು ಬೈಯುವುದು ಎಂದು ತಿಳಿದವರೂ ಇದ್ದಾರೆ, ಪಶ್ಚಿಮವನ್ನು ನಕಲು ಮಾಡುವುದು ಎಂದು ತಿಳಿದವರೂ ಇದ್ದಾರೆ. ಹೆಬ್ಬಾರರ ದಾರಿ ಇವೆರಡೂ ಅಲ್ಲ. ತನ್ನ ಕಾಲದ ಪ್ರಶ್ನೆಗೆ ತನ್ನ ಕಣ್ಣಿನಿಂದಲೇ ಉತ್ತರ ಹುಡುಕುವುದು ಅವರ ಆಧುನಿಕತೆ.

ಹೀಗೆ ದಾರಿ ಬದಲಿಸುತ್ತ ಹೋಗುವುದು ಒಬ್ಬನ ಧೈರ್ಯದಿಂದ ಮಾತ್ರ ಆಗುವ ಕೆಲಸವಲ್ಲ. ಅದಕ್ಕೆ ಮನೆ ಜೊತೆಗಿರಬೇಕು. ಭಾವಚಿತ್ರ ಬರೆದುಕೊಂಡಿದ್ದರೆ ನೆಮ್ಮದಿಯಾಗಿ ದುಡ್ಡು ಬರುತ್ತಿತ್ತು. ಅದನ್ನು ಬಿಟ್ಟು ಕುಣಿತ ಕಲಿಯುತ್ತೇನೆ, ಪ್ಯಾರಿಸ್ಸಿಗೆ ಹೋಗುತ್ತೇನೆ, ಕೊಳ್ಳುವವರಿಲ್ಲದ ಹಸಿವಿನ ಚಿತ್ರ ಬರೆಯುತ್ತೇನೆ ಎಂದರೆ ಸಂಸಾರದ ಭಾರ ಹೊರುವವರು ಯಾರು? ಕಲಾವಿದರ ಹೆಂಡಂದಿರ ಹೆಸರು ಕ್ಯಾಟಲಾಗಿನಲ್ಲಿ ಅಚ್ಚಾಗುವುದಿಲ್ಲ. ಆದರೆ ಒಂದು ಮನೆಯಲ್ಲಿ ಕಲೆ ಎರಡನೆಯ ತಲೆಮಾರಿಗೆ ದಾಟಿತೆಂದರೆ, ಆ ಮನೆಯ ಹೆಂಗಸರು ಅದಕ್ಕೆ ಜಾಗ ಕೊಟ್ಟಿದ್ದಾರೆ ಎಂದೇ ಅರ್ಥ.

ಹೆಬ್ಬಾರರ ಮನೆಯಲ್ಲಿ ಕಲೆ ಹಾಗೆ ದಾಟಿತು. ಮಗಳು ರೇಖಾ ರಾವ್ 1947ರಲ್ಲಿ ಹುಟ್ಟಿದವರು, ದೇಶದ ಹೆಸರಾಂತ ಚಿತ್ರಕಲಾವಿದೆ. ತಂದೆಯ ಬಳಿಯೇ ಕಲಿತವರು. ಇನ್ನೊಬ್ಬ ಮಗಳು ರಜನಿ ಪ್ರಸನ್ನ ಅವರೂ ಕಲೆಯ ನಂಟಿನಲ್ಲೇ ಬೆಳೆದು, ತಂದೆಯ ಕೃತಿಗಳನ್ನು ಜನರ ಮುಂದಿಡುವ ಕೆಲಸದಲ್ಲಿ ಪಾಲುಗೊಂಡವರು. ರೇಖಾ ಅವರಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಷ್ಟು ಪ್ರಸಿದ್ಧ ತಂದೆಯ ಗೆರೆ ಮನೆಯಲ್ಲೇ ಇದ್ದಾಗ ಅದನ್ನು ಎತ್ತಿಕೊಂಡು ಬಿಡುವುದು ಸುಲಭವಾಗಿತ್ತು. ಅವರು ಹಾಗೆ ಮಾಡಲಿಲ್ಲ. ಬಣ್ಣದ ಪದರಗಳಲ್ಲಿ, ಕ್ಯಾನ್ವಾಸಿನ ಮೇಲ್ಮೈಯ ಮೈವಳಿಕೆಯಲ್ಲಿ ತಮ್ಮ ಮಾತು ಕಂಡುಕೊಂಡರು. ತಂದೆ ಮಗಳಿಗೆ ಕೊಟ್ಟದ್ದು ಶೈಲಿಯನ್ನಲ್ಲ, ಹುಡುಕುವ ಸ್ವಭಾವವನ್ನು ಎಂದು ನಾನು ತಿಳಿದಿದ್ದೇನೆ.

ಅಲ್ಲಿಗೆ ಮೂರು ತಲೆಮಾರು. ಅಜ್ಜ ಮಣ್ಣಿನ ಗಣಪತಿ ಮಾಡಿದರು. ಅದು ಪೂಜೆಯಾಗಿ ನೀರಿಗೆ ಹೋಯಿತು, ಅವರ ಹೆಸರನ್ನು ಯಾವ ಮೂರ್ತಿಯೂ ಹೊರಲಿಲ್ಲ. ಮಗ ಅದೇ ಕೈಗುಣವನ್ನು ಕ್ಯಾನ್ವಾಸಿಗೆ ತಂದು ಜಗತ್ತಿನ ಮುಂದೆ ಇಟ್ಟರು. ಮೊಮ್ಮಗಳು ಆ ಹೆಸರಿನ ನೆರಳಿನಿಂದ ಹೊರಬಂದು ತನ್ನ ಹೆಸರು ಕಟ್ಟಿದರು. ಕಲೆಯ ಮನೆತನ ಎಂದರೆ ಇದು. ಒಂದೇ ಅಚ್ಚಿನಲ್ಲಿ ಮೂರು ತಲೆಮಾರು ಎರಕವಾದರೆ ಅದು ಕಸುಬು. ಒಬ್ಬೊಬ್ಬರೂ ಹಿಂದಿನವರಿಗಿಂತ ಬೇರೆಯಾದರೆ ಅದು ಪರಂಪರೆ. ಹೆಬ್ಬಾರರ ಹೆಸರಿನ ಪ್ರತಿಷ್ಠಾನ ಎಳೆಯ ಕಲಾವಿದರಿಗೆ ನೆರವಾಗುತ್ತ ಬಂದಿದೆ. ಮನೆಯೊಳಗೆ ಬೆಳೆದದ್ದು ಹೀಗೆ ಹೊರಗಿನ ಮಕ್ಕಳಿಗೂ ಮುಟ್ಟುತ್ತಿದೆ.

ಈಗ ನಮ್ಮ ಕಡೆಗೆ ಬರೋಣ. ಗದಗ, ರೋಣ, ನರಗುಂದದ ಸೀಮೆ ಸಂಗೀತಕ್ಕೆ ಹೆಸರಾದದ್ದು. ಹುಡುಗನಿಗೆ ಒಳ್ಳೆಯ ಕಂಠವಿದೆ ಎಂದು ತಿಳಿದರೆ ಓಣಿಯ ಹಿರಿಯರೇ ಗದುಗಿನ ವೀರೇಶ್ವರ ಪುಣ್ಯಾಶ್ರಮದ ದಾರಿ ತೋರಿಸುತ್ತಾರೆ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು ಹಾಕಿಕೊಟ್ಟ ದಾರಿ ಅದು. ಗುರುವನ್ನು ಹುಡುಕಿ ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಹೋದ ಭೀಮಸೇನ ಜೋಶಿಯವರ ಕಥೆ ಇಲ್ಲಿ ಮನೆ ಮನೆಗೆ ಗೊತ್ತು. ಅದಕ್ಕೇ ನಮ್ಮಲ್ಲಿ ಹಾಡುವ ಹುಡುಗನಿಗೆ ಒಂದು ಮಾನವಿದೆ. ಗೋಡೆಯ ಮೇಲೆ ಇದ್ದಿಲಿನಿಂದ ಎತ್ತು ಬರೆಯುವ ಹುಡುಗಿಗೆ ಆ ಮಾನ ಇದೆಯೇ? ಗೋಡೆ ಹೊಲಸು ಮಾಡಿದಳೆಂದು ಬೈಗುಳ ತಿನ್ನುತ್ತಾಳೆ.

ಚಿತ್ರಕ್ಕೆ ನಮ್ಮಲ್ಲಿ ಗುರುಗಳು ಇರಲಿಲ್ಲವೆಂದಲ್ಲ. ಜೆ.ಜೆ. ಶಾಲೆಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು 1935ರಲ್ಲಿ ಧಾರವಾಡದಲ್ಲಿ ಕಲಾಶಾಲೆ ತೆರೆದರು. ಹುಬ್ಬಳ್ಳಿಯಲ್ಲಿ ಮಿಣಜಗಿಯವರು ಕಲಾಶಾಲೆ ನಡೆಸಿದರು. ಗದುಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾ ಮಂದಿರ ಕಟ್ಟಿದರು. ಬಾದಾಮಿಯಲ್ಲಿ 1936ರಲ್ಲಿ ಹುಟ್ಟಿದ ಆರ್.ಎಂ. ಹಡಪದರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿ, ತಮ್ಮ ಬಾಳನ್ನೇ ವಿದ್ಯಾರ್ಥಿಗಳಿಗೆ ತೇಯ್ದರು. ಮನೆಯಲ್ಲಿ ಕಲೆಯ ವಾತಾವರಣವಿಲ್ಲದ ಮಕ್ಕಳಿಗೆ ಈ ಶಾಲೆಗಳೇ ಮನೆಯಾದವು, ಈ ಮೇಷ್ಟ್ರುಗಳೇ ತಂದೆತಾಯಿಯಾದರು. ರಕ್ತಸಂಬಂಧದ ಮನೆತನ ಒಂದು, ಗುರುಶಿಷ್ಯರ ಮನೆತನ ಇನ್ನೊಂದು. ಮುಂಬೈಯಲ್ಲಿ ಹೆಬ್ಬಾರರಿಗೆ ದಂಡಾವತಿಮಠರು ಸಿಕ್ಕಂತೆ ಹಳ್ಳಿಯ ಮಗುವಿಗೂ ಒಬ್ಬರು ಸಿಗಬೇಕು.

ಅದಕ್ಕಾಗಿ ನಾವೆಲ್ಲ ಮಾಡಬಹುದಾದ ಕೆಲಸಗಳಿವೆ. ಮೊದಲನೆಯದು ಶಾಲೆಯಲ್ಲಿ. ಚಿತ್ರದ ತಾಸನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಡುವ ರೂಢಿ ನಿಲ್ಲಬೇಕು. ಚಿತ್ರ ಬರೆಯುವ ಮಗು ನೋಡುವುದನ್ನು ಕಲಿಯುತ್ತದೆ, ನೋಡಲು ಕಲಿತ ಮಗು ಉಳಿದ ವಿಷಯಗಳನ್ನೂ ಚೆನ್ನಾಗಿ ಕಲಿಯುತ್ತದೆ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗಳಿಗೆ ಮಕ್ಕಳನ್ನು ಕೂಡಿಸಿ. ಆದರೆ ಪರೀಕ್ಷೆ ಪಾಸಾದದ್ದೇ ಕಲೆ ಎಂದು ಹೇಳಬೇಡಿ. ಪುಸ್ತಕದಲ್ಲಿನ ಗುಡಿಸಲು, ಎರಡು ಗುಡ್ಡದ ನಡುವಿನ ಸೂರ್ಯ, ತೆಂಗಿನ ಮರ, ಇದನ್ನೇ ನಕಲು ಮಾಡಿಸುವ ಬದಲು ಮಗುವನ್ನು ಹೊಲಕ್ಕೆ ಕರೆದೊಯ್ದು ಎದುರಿಗಿರುವ ಜೋಳದ ತೆನೆಯನ್ನು, ಬಾಯಿ ಬಿಟ್ಟ ಎರೆ ನೆಲವನ್ನು, ನರಗುಂದದ ಗುಡ್ಡದ ನಿಜವಾದ ಆಕಾರವನ್ನು ಬರೆಸಿ. ನಮ್ಮ ಮಕ್ಕಳ ಚಿತ್ರದಲ್ಲಿ ನಾವು ಕಾಣದ ತೆಂಗಿನ ತೋಟ ಏಕೆ ಬರಬೇಕು?

ಎರಡನೆಯದು ಮನೆಯಲ್ಲಿ. ತಾಯಂದಿರೇ, ನಿಮ್ಮ ಕಸೂತಿ, ನಿಮ್ಮ ಕೌದಿ, ನೀವು ಬಾಗಿಲ ಮುಂದೆ ಹಾಕುವ ರಂಗೋಲಿ ಇವೆಲ್ಲ ಬರಿಯ ಮನೆಗೆಲಸವಲ್ಲ. ನಿಮ್ಮ ಮಗುವಿನ ಮೊದಲ ಕಲಾಶಾಲೆ ಅದೇ. ಮಗುವನ್ನು ಪಕ್ಕಕ್ಕೆ ಕೂಡಿಸಿಕೊಂಡು ಮಾಡಿ. ತಂದೆಯಾದವರು, ಮಗ ಚಿತ್ರಕಲೆ ಓದುತ್ತೇನೆ ಎಂದರೆ ಅನ್ನ ಹುಟ್ಟುವುದಿಲ್ಲ ಎಂದು ಒಂದೇ ಮಾತಿಗೆ ತಳ್ಳಿಹಾಕಬೇಡಿ. ಬಡತನ ಹೆಬ್ಬಾರರ ಮನೆಯಲ್ಲೂ ಇತ್ತು. ದಾರಿ ಕಷ್ಟದ್ದು ಎಂಬುದನ್ನು ಮಗನಿಗೆ ಹೇಳಿ, ಮುಚ್ಚಿಡಬೇಡಿ. ಹೇಳಿದ ಮೇಲೂ ಅವನ ಹಟ ಉಳಿದರೆ ಜೊತೆಗೆ ನಿಲ್ಲಿ.

ಮೂರನೆಯದು ನೋಡುವುದು. ಹೆಬ್ಬಾರರ ಚಿತ್ರಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಸಂಗ್ರಹದಲ್ಲಿವೆ. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಶಾಲಾ ಪ್ರವಾಸದ ಪಟ್ಟಿಯಲ್ಲಿ ಜೋಗ, ಧರ್ಮಸ್ಥಳ, ಮೈಸೂರು ಇದ್ದೇ ಇರುತ್ತವೆ. ಉಡುಪಿಯ ತನಕ ಹೋದವರು ಮಣಿಪಾಲಕ್ಕೆ ಒಂದು ಹೊತ್ತು ಕೊಟ್ಟರೆ ನಷ್ಟವಿಲ್ಲ. ಅಷ್ಟು ದೂರ ಆಗದಿದ್ದರೆ ಗದುಗಿನ ವಿಜಯ ಕಲಾ ಮಂದಿರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಚಿತ್ರ ಬರೆಯುವವರು ಹೇಗೆ ನಿಲ್ಲುತ್ತಾರೆ, ಹೇಗೆ ನೋಡುತ್ತಾರೆ, ಹೇಗೆ ಅಳಿಸಿ ಮತ್ತೆ ಬರೆಯುತ್ತಾರೆ ಎಂಬುದನ್ನು ತೋರಿಸಿ. ಮುಗಿದ ಚಿತ್ರಕ್ಕಿಂತ, ಆಗುತ್ತಿರುವ ಚಿತ್ರ ಮಗುವಿಗೆ ಹೆಚ್ಚು ಕಲಿಸುತ್ತದೆ.

ಕಡೆಯದಾಗಿ, ಈಗಾಗಲೇ ಚಿತ್ರ ಬರೆಯುತ್ತಿರುವ ನಮ್ಮ ಸೀಮೆಯ ಎಳೆಯರಿಗೆ ಒಂದು ಮಾತು. ನಿಮ್ಮ ಕೈ ಪಳಗಲಿ; ಅದಕ್ಕೆ ದಿನಾ ದುಡಿಯಿರಿ. ಆದರೆ ಜನ ಹೊಗಳಿದ ದಿನ ನಿಮ್ಮ ಚಿತ್ರವನ್ನು ನೀವೇ ಪ್ರಶ್ನಿಸಿ. ಇದು ನಾನು ಕಂಡದ್ದೋ, ಯಾರೋ ಕಂಡದ್ದನ್ನು ನಾನು ಬರೆದದ್ದೋ ಎಂದು ಕೇಳಿಕೊಳ್ಳಿ. ಉತ್ತರ ಸಿಗದಿದ್ದರೆ ಹಾಡು ಕೇಳಿ, ಕುಣಿತ ಕಲಿಯಿರಿ, ಬಾದಾಮಿಗೆ ಹೋಗಿ, ಹೊಲದಲ್ಲಿ ದುಡಿಯುವವರ ಜೊತೆ ಒಂದು ದಿನ ಇದ್ದು ಬನ್ನಿ. ಆಮೇಲೆ ಮತ್ತೆ ಬರೆಯಿರಿ. ಹೆಬ್ಬಾರರು ಬಾಳಿಡೀ ಮಾಡಿದ್ದು ಇದನ್ನೇ. ಅದಕ್ಕೆ ಶಹರದಲ್ಲಿ ಹುಟ್ಟಬೇಕಿಲ್ಲ, ಉಳ್ಳವರ ಮನೆಯಲ್ಲಿ ಹುಟ್ಟಬೇಕಿಲ್ಲ. ಚಿಕ್ಕನರಗುಂದದಲ್ಲಿ ಇದ್ದುಕೊಂಡೇ ನಾಳೆ ಬೆಳಿಗ್ಗೆ ಶುರುಮಾಡಬಹುದು.